ಮೋಟ್ರು 'ಗುಂಯ್' ಅನ್ನೋ ಶಬ್ದ ಹಾಕಿ ಚಾನೆಲ್ ಬೆಳೆಸಿದ್ದು: ನನ್ನ ಅನುಭವ

ಹೋದ ಬೇಸಿಗೆಯ ಲೆಕ್ಕ ಕೂಡಿಸಿ ನೋಡಿದ ಮೇಲೆ ಇದನ್ನ ಬರೀತಾ ಇದ್ದೀನಿ. ಯೂಟ್ಯೂಬ್ ಮಾಡೋ ಗೆಳೆಯರು ನನಗೆ ಸುಮಾರು ಮೂರು ವರ್ಷ ಒಂದೇ ಮಾತು ಹೇಳಿದ್ರು: "ಗುರೂ, ಬೋರ್‌ವೆಲ್ ಮೋಟ್ರು ರಿಪೇರಿನ ಹನ್ನೊಂದು ನಿಮಿಷ ಯಾರು ನೋಡ್ತಾರೆ? ಮುಖ ತೋರ್ಸಲ್ಲ, ಮ್ಯೂಸಿಕ್ ಹಾಕಲ್ಲ, ಶಾರ್ಟ್ಸ್ ಬಿಟ್ಟೆ. ಅದೂ ಕನ್ನಡದಲ್ಲಿ, ಅದರಲ್ಲೂ ನಿಮ್ಮ ಶಿರಾ ಕಡೆ ಕನ್ನಡದಲ್ಲಿ!" ಈ ಮಾರ್ಚ್‌ನಲ್ಲಿ ಅದೇ ಚಾನೆಲ್‌ನಿಂದ ಎಲ್ಲಾ ಸೇರಿ 50 ಸಾವಿರಕ್ಕೆ ಸ್ವಲ್ಪ ಕಮ್ಮಿ ಬಂತು. ನನ್ನ ಮೋಟ್ರು ರಿಪೇರಿ ಅಂಗಡಿಯ ವೈಂಡಿಂಗ್ (ಮೋಟ್ರಿಗೆ ತಂತಿ ಸುತ್ತೋ) ಕೂಲಿ ಇದರಲ್ಲಿ ಸೇರಿಲ್ಲ. ಸಬ್‌ಸ್ಕ್ರೈಬರ್ ಇನ್ನೂ 40 ಸಾವಿರ ಮುಟ್ಟಿಲ್ಲ. ಮೂರು ಲಕ್ಷ ಸಬ್‌ಸ್ಕ್ರೈಬರ್ ಇರೋ ಕಾಮಿಡಿ ಚಾನೆಲ್‌ನ ನಮ್ಮ ಹುಡುಗನೊಬ್ಬ ಈಗ ಫೋನ್ ಮಾಡಿ "ಅಣ್ಣ, ಹೆಂಗೆ?" ಅಂತಾನೆ.

ಮೊದಲು ಸಾಗದೆ ಹೋದದ್ದರ ಕಥೆ. ಲಾಕ್‌ಡೌನ್‌ನಲ್ಲಿ ಅಂಗಡಿ ಬಾಗಿಲು ಹಾಕಿದ್ದಾಗ ಎಲ್ಲರ ಹಾಗೆ ನಾನೂ 'ಟೆಕ್' ಚಾನೆಲ್ ತೆಗೆದೆ. ಮೊಬೈಲ್ ಕವರು, ಇಯರ್‌ಫೋನು, ರೀಚಾರ್ಜ್ ಆಫರು. ಸಬ್ ಫಾರ್ ಸಬ್, ಅಂದ್ರೆ ನೀನು ನನ್ನ ಚಾನೆಲ್ ಸೇರು ನಾನು ನಿಂದು ಸೇರ್ತೀನಿ ಅಂತ ಮಾಡಿ ಎರಡು ಸಾವಿರ ಜನರನ್ನ ಸೇರಿಸಿದೆ. ಜಾಹೀರಾತಿನ ದುಡ್ಡು ಬರೋಕೆ ಬೇಕಾದ ಸಾವಿರ ಸಬ್‌ಸ್ಕ್ರೈಬರ್ ಗಡಿ ದಾಟಿದ್ದೇನೋ ಹೌದು, ಅದರ ಜೊತೆ ಬೇಕಾದ 4000 ಗಂಟೆ ವಾಚ್‌ಟೈಮ್ ಮಾತ್ರ ಎಲ್ಲಿಂದ ಬರಬೇಕು? ಆ ಎರಡು ಸಾವಿರದಲ್ಲಿ ಒಬ್ಬನೂ ನನ್ನ ವಿಡಿಯೋ ನೋಡೋನಲ್ಲ, ಅವನದನ್ನ ನಾನೂ ನೋಡೋನಲ್ಲ. ಇದರ ಮಧ್ಯೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕೆ 42 ಸಾವಿರ, ಅದು ಅಲುಗದ ಹಾಗೆ ಹಿಡಿಯೋ ಗಿಂಬಲ್‌ಗೆ ಒಂಬತ್ತೋ ಹತ್ತೋ ಸಾವಿರ ಹೋಯ್ತು. ಕ್ಯಾಮೆರಾನ ಆಮೇಲೆ 27ಕ್ಕೆ ಮಾರಿದೆ. ಗಿಂಬಲ್ ಇನ್ನೂ ಅಟ್ಟದ ಮೇಲಿದೆ, ಬೇಕಾದೋರು ಕೇಳಿ.

2023ರ ಫೆಬ್ರವರಿಯಲ್ಲಿ ಶಾರ್ಟ್ಸ್‌ಗೂ ಜಾಹೀರಾತಿನ ಪಾಲು ಕೊಡೋಕೆ ಶುರು ಮಾಡಿದ್ರಲ್ಲ, ಆಗ ಅದಕ್ಕೂ ಕೈ ಹಾಕಿದೆ. ಬೋರಿಂದ ಮೋಟ್ರು ಎತ್ತೋದು, ಹೊಸ ಬೋರ್ ಪಾಯಿಂಟ್‌ನಲ್ಲಿ ನೀರು ಚಿಮ್ಮೋದು. ಒಂದು ಶಾರ್ಟ್ 14 ಲಕ್ಷ ವ್ಯೂಸ್ ಹೋಯ್ತು. ಊರಲ್ಲಿ ಮೂರು ದಿನ ನಾನೇ ಹೀರೋ. ಕೈಗೆ ಬಂದದ್ದು ಎರಡೂವರೆ ಸಾವಿರದಷ್ಟು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಆಮೇಲೆ. ಶಾರ್ಟ್ಸ್‌ನಿಂದ ಸೇರಿದ ಎಂಟೊಂಬತ್ತು ಸಾವಿರ ಜನರಿಗೆ ನನ್ನ ದೊಡ್ಡ ವಿಡಿಯೋ ತೋರಿಸಿದ್ರೆ ಒಬ್ಬನೂ ಒತ್ತಲಿಲ್ಲ. ಕ್ಲಿಕ್ ರೇಟು, ಅಂದ್ರೆ ನೂರು ಸಲ ಕಂಡ್ರೆ ಎಷ್ಟು ಸಲ ಒತ್ತುತಾರೆ ಅನ್ನೋದು, ಎರಡು ಪರ್ಸೆಂಟ್‌ಗೆ ಬಿತ್ತು. ಜಾತ್ರೆಗೆ ಬಂದೋರನ್ನ ಹಿಡಿದು ಪಾಠಕ್ಕೆ ಕೂರಿಸಿದ ಹಾಗಾಯ್ತು. ಆ ಶಾರ್ಟ್ಸ್ ಎಲ್ಲಾ ಪ್ರೈವೇಟ್ ಮಾಡಿದೆ. "ಹುಚ್ಚಾ ನಿಂಗೆ, 14 ಲಕ್ಷದ್ದನ್ನೂ ತೆಗೀತೀಯಾ?" ಅಂದ್ರು. ತೆಗೆದೆ.

ಈಗ ನಡೀತಿರೋ ದಾರಿ ಸಿಕ್ಕಿದ್ದು ಅಂಗಡಿಯ ನೋಟ್‌ಬುಕ್‌ನಲ್ಲಿ. ಬೇಸಿಗೆ ಬಂದ್ರೆ ನನ್ನ ಫೋನು ನಿಲ್ಲಲ್ಲ. ಶಿರಾ, ಹಿರಿಯೂರು, ಮಧುಗಿರಿ, ಪಾವಗಡ, ಎಲ್ಲಾ ಕಡೆಯಿಂದ. ಒಂದು ಸೀಸನ್ ಪೂರ್ತಿ ಬಂದ ಕರೆಗಳನ್ನ, ರೈತರು ಹೇಳಿದ್ದು ಹೇಗೋ ಹಾಗೇ ಬರೆದಿಟ್ಟೆ. "ಅಣ್ಣ, ಗುಂಯ್ ಅಂತದೆ, ತಿರುಗಲ್ಲ." "ಐದ್ ನಿಮಿಷ ಓಡ್ತದೆ, ಟ್ರಿಪ್ ಆಗ್ತದೆ." "ಮೋಟ್ರು ಓಡ್ತಾ ಅದೆ, ನೀರಿಲ್ಲ." "ಸ್ಟಾರ್ಟರ್ ಪಟಪಟ ಅಂತದೆ." ನಾನೂರರ ಹತ್ತಿರ ಕರೆ ಇರಬೇಕು. ಗುಂಪು ಮಾಡಿ ನೋಡಿದ್ರೆ ಒಟ್ಟು ಮೂವತ್ತು ತರದ ದೂರು, ಅಷ್ಟೇ. ಒಂದು ದೂರಿಗೆ ಒಂದು ವಿಡಿಯೋ. ಟೈಟಲ್ ಆ ರೈತನ ಬಾಯಿ ಮಾತೇ. 'ಸಬ್‌ಮರ್ಸಿಬಲ್ ಪಂಪ್ ದೋಷ ನಿವಾರಣೆ ಭಾಗ 3' ಅಂತ ಇಟ್ಟಿದ್ದಾಗ ದಿನಕ್ಕೆ ಹನ್ನೆರಡು ವ್ಯೂಸ್. ಅದೇ ವಿಡಿಯೋಗೆ 'ಮೋಟ್ರು ಗುಂಯ್ ಅಂತದೆ ತಿರುಗಲ್ಲ' ಅಂತ ಹೆಸರು ಬದಲಿಸಿದೆ. ಎರಡು ವಾರ ಏನೂ ಇಲ್ಲ, ಆಮೇಲೆ ಸರ್ಚ್‌ನಿಂದ ದಿನಕ್ಕೆ ನೂರು, ಇನ್ನೂರು. ಈಗ ಅದೊಂದೇ ಎರಡೂವರೆ ಲಕ್ಷ ದಾಟಿದೆ. ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕ್ತಾರೆ, ಇಲ್ಲ ಮೈಕ್ ಒತ್ತಿ ಮಾತಾಡ್ತಾರೆ. ಅದಕ್ಕೆ ಡಿಸ್ಕ್ರಿಪ್ಷನ್‌ನ ಮೊದಲ ಎರಡು ಸಾಲಿನಲ್ಲಿ ಎರಡೂ ಲಿಪಿ ಹಾಕ್ತೀನಿ. ಪಿನ್ ಕಾಮೆಂಟ್‌ನಲ್ಲಿ ಇನ್ನೊಂದು ಕೆಲಸ ಮಾಡ್ತೀನಿ, ಅದನ್ನ ಇಲ್ಲಿ ಹೇಳಲ್ಲ. ಹೋಗಿ ನೋಡಿದ್ರೆ ಬುದ್ಧಿವಂತರಿಗೆ ಗೊತ್ತಾಗುತ್ತೆ.

ವಿಡಿಯೋ ಶುರುವಾಗೋದು ಆ ಕೆಟ್ಟ ಶಬ್ದದಿಂದ. ನಮಸ್ಕಾರ ವೀಕ್ಷಕರೇ ಇಲ್ಲ, ಲೋಗೋ ಇಲ್ಲ, ಬೆಲ್ ಐಕಾನ್ ಕಥೆ ಇಲ್ಲ. ಹದಿನೈದು ಸೆಕೆಂಡ್ ಬರೀ ಗುಂಯ್. ತೋಟದಲ್ಲಿ ನಿಂತಿರೋ ರೈತ "ಓ, ನಮ್ದೂ ಇದೇ" ಅಂತ ಅಲ್ಲೇ ನಿಲ್ತಾನೆ. ಆಮೇಲೆ ನೇರವಾಗಿ: ಸಿಂಗಲ್ ಫೇಸಾ, ಮೊದಲು ಪ್ಯಾನಲ್‌ನ ಕೆಪಾಸಿಟರ್ ಉಬ್ಬಿದೆಯಾ ನೋಡು. ತ್ರೀ ಫೇಸಾ, ಮೂರೂ ಫೇಸ್ ಬರ್ತಾ ಇದೆಯಾ ನೋಡು. "ಇದೇ ಕಾರಣ ಆಗಿದ್ರೆ ಮುಂದೆ ನೋಡಬೇಡಿ, ಹೋಗಿ ಸರಿ ಮಾಡ್ಕೊಳ್ಳಿ" ಅಂತ ಬಾಯಿಬಿಟ್ಟು ಹೇಳ್ತೀನಿ. ಇದಕ್ಕೇ ಗೆಳೆಯರು ತಲೆ ಚಚ್ಚಿಕೊಂಡಿದ್ದು. ನೋಡೋರನ್ನ ನೀನೇ ಓಡಿಸಿದ್ರೆ ರಿಟೆನ್ಷನ್ (ಜನ ಎಷ್ಟು ಹೊತ್ತು ನೋಡ್ತಾರೆ ಅನ್ನೋ ಲೆಕ್ಕ) ಏನಾಗಬೇಕು ಅಂತ. ಗ್ರಾಫ್‌ನಲ್ಲಿ ಮೂರನೇ ನಿಮಿಷಕ್ಕೆ ಒಂದು ಗುಂಡಿ ಬೀಳುತ್ತೆ, ನಿಜ. ಅದಾದ ಮೇಲೆ ಉಳಿದೋರು ಮರಳು ಕಚ್ಚಿದ ಪಂಪು, ಕೇಬಲ್ ಜಾಯಿಂಟ್‌ವರೆಗೂ ನೋಡ್ತಾರೆ. ಹನ್ನೊಂದು ನಿಮಿಷದ ವಿಡಿಯೋಗೆ ಸರಾಸರಿ ಐದು ನಿಮಿಷ ಸಿಗ್ತಾ ಇದೆ. ಎಂಟು ನಿಮಿಷ ದಾಟಿದ್ರೆ ಮಧ್ಯೆ ಜಾಹೀರಾತು ಹಾಕಬಹುದು ಅನ್ನೋದು ನಿಮಗೆಲ್ಲ ಗೊತ್ತು. ನಾನು ಅದನ್ನ ಆಟೋಮ್ಯಾಟಿಕ್‌ಗೆ ಬಿಡಲ್ಲ, ಕೈಯಲ್ಲೇ ಇಡ್ತೀನಿ, ಮೊದಲ ಪರೀಕ್ಷೆ ಮುಗಿದ ಮೇಲೆ. ಕರೆಂಟ್ ಇರೋ ಹೊತ್ತಲ್ಲಿ ಪ್ಯಾನಲ್ ಮುಂದೆ ನಿಂತೋನಿಗೆ ಸೋಪಿನ ಜಾಹೀರಾತು ತೋರಿಸಿದ್ರೆ ಬೈದು ಹೋಗ್ತಾನೆ.

ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹಾಕೋದು ಮಾತ್ರ ಇವತ್ತಿಗೂ ತೋರಿಸಿಲ್ಲ. ಕೇಳೋರು ಬಹಳ, ವ್ಯೂಸೂ ಬರುತ್ತೆ. ಯಾರಾದ್ರೂ ನೋಡಿ ಕಂಬ ಹತ್ತಿದ್ರೆ ಆ ದುಡ್ಡು ನನಗೆ ಬೇಡ.

ತಂಬ್‌ನೇಲ್‌ಗೆ ಬೆಂಗಳೂರಿನ ಹುಡುಗನೊಬ್ಬನಿಗೆ ಒಂದಕ್ಕೆ 300ರ ಹಾಗೆ ಕೊಟ್ಟಿದ್ದೆ. ಬಾಯಿ ತೆರೆದ ಮುಖ, ಬೆಂಕಿ, ಬಾಣದ ಗುರುತು. ಒಂದು ದಿನ ಅದನ್ನ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಮೊಬೈಲ್‌ನಲ್ಲಿ ನೋಡಿದೆ, ಏನೂ ಕಾಣಲಿಲ್ಲ. ನನ್ನ ವೀಕ್ಷಕ ನೋಡೋದು ಅಲ್ಲೇ ತಾನೇ? ಈಗ ಪ್ಯಾನಲ್ ಫೋಟೋ, ಒಂದು ಪಾರ್ಟ್‌ಗೆ ಕೆಂಪು ಸುತ್ತು, ಎರಡು ಪದ ದಪ್ಪಕ್ಷರ. ಅಪ್‌ಲೋಡ್ ಮಾಡೋ ಮೊದಲು ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು ನೋಡ್ತೀನಿ. ಕ್ಲಿಕ್ ರೇಟು ಎಂಟರ ಮೇಲೇ ನಿಂತಿದೆ. ಸಾಮಾನು ಅಂದ್ರೆ ಹಳೇ ಫೋನು, ಸಾವಿರದೊಳಗಿನ ವೈರಿನ ಕಾಲರ್ ಮೈಕು, ಕುತ್ತಿಗೆಗೆ ಹಾಕೋ ಸ್ಟ್ಯಾಂಡು. ಎರಡೂ ಕೈ ಕೆಲಸಕ್ಕೆ ಬೇಕಲ್ಲ.

ಅಪ್‌ಲೋಡ್ ಟೈಮ್ ಬಗ್ಗೆ ಎಲ್ಲರೂ ಸಂಜೆ ಆರು ಅಂತಾರೆ. ನನ್ನ ಅನಲಿಟಿಕ್ಸ್‌ನಲ್ಲಿ ಬೇಸಿಗೇಲಿ ಬೆಳಗಿನ ಜಾವ 4 ಗಂಟೆಗೂ ಒಂದು ಗುಡ್ಡ ಏಳುತ್ತೆ. ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ಹೊಳೀತು: ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಿಡೋ ಕಡೆ ರೈತ ಎದ್ದು ಹೋಗಿ ಸ್ಟಾರ್ಟರ್ ಒತ್ತೋದು ಆಗಲೇ. ಅವತ್ತಿಂದ ಅಪ್‌ಲೋಡ್ ಟೈಮ್ ತಲೆಬಿಸಿ ಬಿಟ್ಟೆ.

ಇನ್ನು ದುಡ್ಡು. ಚಾನೆಲ್‌ಗೆ ಜಾಹೀರಾತು ಶುರುವಾದ ಮೇಲೆ ಹಳೇ ಮೊಬೈಲ್ ವಿಡಿಯೋಗಳಿಗೆ ಸಾವಿರ ವ್ಯೂಸ್‌ಗೆ 30 ರೂಪಾಯಿ ಸಿಗ್ತಿತ್ತು, ಮೋಟ್ರು ವಿಡಿಯೋಗೆ ಸೀಸನ್‌ನಲ್ಲಿ 75ರವರೆಗೂ ಹೋಗುತ್ತೆ. ಪೈಪು, ಕೇಬಲ್, ಟ್ರ್ಯಾಕ್ಟರ್ ಕಂಪನಿಗಳ ಜಾಹೀರಾತು ಅಲ್ಲೇ ಬಂದು ಬೀಳೋದು. ಮಾರ್ಚ್‌ನಲ್ಲಿ ಮೂರೂಮುಕ್ಕಾಲು ಲಕ್ಷ ವ್ಯೂಸು, 28 ಸಾವಿರ. ಆಗಸ್ಟ್‌ನಲ್ಲಿ ಮಳೆ ಹಿಡಿದ್ರೆ ಲಕ್ಷ ವ್ಯೂಸು, ಐದಾರು ಸಾವಿರ. ದುಡ್ಡು ಕೈಗೆ ಬರೋಕೆ ಬೇಕಾದ ಮೊದಲ 100 ಡಾಲರ್ ಆಗೋಕೆ ಐದು ತಿಂಗಳು ಹಿಡೀತು. ಆ್ಯಡ್‌ಸೆನ್ಸ್ (ಗೂಗಲ್‌ನ ಜಾಹೀರಾತು ದುಡ್ಡಿನ ಖಾತೆ) ವಿಳಾಸ ಖಾತ್ರಿಗೆ ಕಳಿಸೋ ಪಿನ್ ಕಾಗದ ಬಂದಾಗ ಪೋಸ್ಟ್‌ಮ್ಯಾನ್ "ಫಾರಿನ್ ಕೆಲ್ಸ ಸಿಕ್ತಾ?" ಅಂತ ಕೇಳಿದ್ರು.

ಜಾಹೀರಾತಿಗಿಂತ ನನಗೆ ಧೈರ್ಯ ಕೊಟ್ಟಿದ್ದು ವಿಡಿಯೋ ಕಾಲ್. ಹದಿನೈದು ನಿಮಿಷಕ್ಕೆ 200 ರೂಪಾಯಿ, ಮೊದಲು ಯುಪಿಐ, ಆಮೇಲೆ ಮಾತು. ರೈತ ಮಾತಿಗೆ ದುಡ್ಡು ಕೊಡಲ್ಲ ಅಂತ ನಮ್ಮ ಮನೆಯವರೂ ಸೇರಿ ಎಲ್ಲರೂ ಅಂದ್ರು. ಮೋಟ್ರು ಎತ್ತಿಸಿ ಇಳಿಸೋಕೆ ಸಾವಿರಗಟ್ಟಲೆ ಕೊಡೋನು, ಎತ್ತಬೇಕೋ ಬೇಡವೋ ಅಂತ ತಿಳ್ಕೊಳ್ಳೋಕೆ 200 ಕೊಡಲ್ವಾ? ಕೊಡ್ತಾನೆ. ಸೀಸನ್‌ನಲ್ಲಿ ತಿಂಗಳಿಗೆ ಅರವತ್ತೈದು ಕಾಲ್ ಆಗುತ್ತೆ. ಇದರ ಮೇಲೆ ಮೆಂಬರ್‌ಶಿಪ್, 59 ರೂಪಾಯಿ, ನೂರಾ ನಲವತ್ತು ಜನ. ರೈತರು ಕಮ್ಮಿ, ಹೆಚ್ಚಿನೋರು ಹೊಸದಾಗಿ ಅಂಗಡಿ ಇಟ್ಟ ವೈಂಡಿಂಗ್ ಹುಡುಗರು. ಯಾವ ಮೋಟ್ರಿಗೆ ಯಾವ ಗೇಜಿನ ತಂತಿ, ಎಷ್ಟು ಸುತ್ತು ಅನ್ನೋ ನನ್ನ ಡೇಟಾ ಅವರಿಗೆ ಮಾತ್ರ. ಯೂಟ್ಯೂಬ್ ಹಿಡಿಯೋ ಶೇಕಡಾ 30 ಕಳೆದು ಐದಾರು ಸಾವಿರ ಕೈಗೆ ಬರುತ್ತೆ.

ಸ್ಪಾನ್ಸರ್ ವಿಷಯ ಸಾಕಾಗಿದೆ. ಒಂದು ಕಂಪನಿಯೋರು ಆಟೋ ಸ್ಟಾರ್ಟರ್ ಕಳಿಸಿದ್ರು. ಲೋ ವೋಲ್ಟೇಜ್‌ನಲ್ಲಿ ಅದು ಕಟ್ ಆಗಲಿಲ್ಲ, ಆ ಭಾಗ ತೆಗೀರಿ ಅಂದ್ರು. ತೆಗೀಲಿಲ್ಲ, ವಿಡಿಯೋನೂ ಹಾಕಲಿಲ್ಲ, ಡಬ್ಬ ವಾಪಸ್. ಇನ್ನೊಬ್ಬರು ಅರ್ಧ ಕೊಟ್ಟು ಫೋನ್ ಎತ್ತೋದು ಬಿಟ್ರು. ಈಗ 15 ಸಾವಿರ, ಪೂರ್ತಿ ಮುಂಗಡ, ಇದು ದುಡ್ಡು ತಗೊಂಡು ಮಾಡಿದ್ದು ಅಂತ ತಿಳಿಸೋ ಪೇಯ್ಡ್ ಪ್ರಮೋಷನ್ ಟಿಕ್ ಕಡ್ಡಾಯ. ವರ್ಷಕ್ಕೆ ನಾಲ್ಕೈದು ಬಂದ್ರೆ ಹೆಚ್ಚು. ಪುಕ್ಕಟೆ ಸಾಮಾನು ಅಂತ ಖುಷಿಪಡೋರಿಗೆ ಒಂದು ಮಾತು: ಒಂದೇ ಕಡೆಯಿಂದ ವರ್ಷದಲ್ಲಿ 20 ಸಾವಿರ ದಾಟಿದ್ರೆ 2022ರ ಜುಲೈಯಿಂದ ಅದಕ್ಕೂ ಟಿಡಿಎಸ್ (ಕೊಡೋರೇ ಮೊದಲೇ ಹಿಡಿಯೋ ತೆರಿಗೆ) ಇದೆ.

ಯೂಟ್ಯೂಬ್ ಕೇಳೋ ಅಮೆರಿಕದ ಟ್ಯಾಕ್ಸ್ ಫಾರ್ಮ್ 2021ರಲ್ಲಿ ಬಂದಾಗ ಬಹಳ ಜನ ಹೆದರಿ ಬಿಟ್ಟುಬಿಟ್ಟಿದ್ರು. ತುಂಬದೇ ಬಿಟ್ರೆ ಎಲ್ಲಾ ದೇಶದ ಗಳಿಕೆ ಮೇಲೂ 24 ಪರ್ಸೆಂಟ್‌ವರೆಗೆ ಹಿಡೀಬಹುದು, ತುಂಬಿದ್ರೆ ಅಮೆರಿಕದ ವೀಕ್ಷಕರಿಂದ ಬಂದದ್ದಕ್ಕೆ ಮಾತ್ರ 15. ನನಗೆ ಅಲ್ಲಿಂದಲೂ ವೀಕ್ಷಕರಿದ್ದಾರೆ ಅಂದ್ರೆ ನಗ್ತೀರಿ. ಸಾಫ್ಟ್‌ವೇರ್ ಹುಡುಗರು. ಊರಲ್ಲಿ ಅಪ್ಪನ ಮೋಟ್ರು ನಿಂತ್ರೆ ಅಲ್ಲಿಂದ ಹುಡುಕಿ, ಲಿಂಕ್ ಕಳಿಸಿ, 200 ರೂಪಾಯಿನೂ ಅವರೇ ಹಾಕ್ತಾರೆ.

ನಡುವೆ ಹಿಂದಿ ಡಬ್ಬಿಂಗ್ ಒಂದು ಮೂರು ತಿಂಗಳು ಮಾಡಿದೆ, ಎಐ ದನಿಯಲ್ಲಿ. ಹಿಂದಿಯಲ್ಲಿ ಇಂಥವರು ಈಗಾಗಲೇ ರಾಶಿ ಇದ್ದಾರೆ, ನಿಲ್ಲಿಸಿದೆ. ತೆಲುಗು ಮಾತ್ರ ಪರವಾಗಿಲ್ಲ. ನನ್ನ ಬಾಮೈದ ಆಂಧ್ರದ ಮಡಕಶಿರಾದೋನು, ಅವನೇ ದನಿ ಕೊಡ್ತಾನೆ, ಆದಾಯದಲ್ಲಿ ಅರ್ಧ ಅವನಿಗೆ. ಪಾವಗಡ ಕಡೆಯೋರು ಎರಡೂ ನೋಡ್ತಾರೆ. ಫೇಸ್‌ಬುಕ್‌ಗೂ ಹಾಕಿದ್ದೆ. ಬೇರೆ ಪೇಜಿನೋರು ಎತ್ತಿ, ಮೂಲೆಯ ನನ್ನ ಹೆಸರು ಕತ್ತರಿಸಿ ಹಾಕ್ಕೊಂಡ್ರು. ಈಗ ಹೆಸರನ್ನ ಟೆಸ್ಟ್ ಬೋರ್ಡ್‌ನ ವೋಲ್ಟ್‌ಮೀಟರ್ ಮುಳ್ಳಿನ ಕೆಳಗೇ ಬರೆಸಿದ್ದೀನಿ. ಅದನ್ನ ಕತ್ತರಿಸಿದ್ರೆ ವಿಡಿಯೋದಲ್ಲಿ ನೋಡೋಕೆ ಏನೂ ಉಳಿಯಲ್ಲ.

ನನ್ನ ತರ ಸೀಸನ್ ವಿಷಯ ಮಾಡೋರು ಶೂಟಿಂಗ್‌ನ ಡಿಸೆಂಬರ್‌ಗೇ ಮುಗಿಸಿ, ಜನವರಿ ಕೊನೆಗೆ ಎಲ್ಲಾ ಹಾಕಿಬಿಡಿ. ಸರ್ಚ್‌ನಲ್ಲಿ ಮೇಲೆ ಬರೋಕೆ ನನ್ನ ವಿಡಿಯೋಗಳಿಗೆ ಆರು ವಾರ ಬೇಕಾಗಿದೆ. ಮಾರ್ಚ್‌ನಲ್ಲಿ ಅಪ್‌ಲೋಡ್ ಮಾಡಿದ್ದು ಸರ್ಚ್‌ನಲ್ಲಿ ಮೇಲೇರೋ ಹೊತ್ತಿಗೆ ಮಳೆ ಬಂದಿತ್ತು. ಈ ಸಲ ಸೋಲಾರ್ ಪಂಪಿನ ಹತ್ತು ದೂರು ಪಟ್ಟಿ ಮಾಡಿಟ್ಟಿದ್ದೀನಿ. ಟೈಟಲ್‌ಗಳನ್ನ ಮಾತ್ರ ಈಗಲೇ ಕೇಳಬೇಡಿ.