ಘಾಟಿ ಏರುವಾಗ ಕಾರು ಕುದಿಯುತ್ತಿದೆಯೇ? ಮನೆಯಂಗಳದಲ್ಲೇ ಕಾರಣ ಹುಡುಕುವ ಬಗೆ

ಶಿವಮೊಗ್ಗ ಪೇಟೆಯೊಳಗಿನ ಓಡಾಟದಲ್ಲಿ ವರ್ಷಗಟ್ಟಲೆ ಗೊತ್ತೇ ಆಗದ ಕೂಲಿಂಗ್ ವ್ಯವಸ್ಥೆಯ ದೋಷವೊಂದು, ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲೋ ಹೊಸಂಗಡಿಯಿಂದ ಹುಲಿಕಲ್‌ಗೆ ಏರುವ ಬಾಳೆಬರೆ ಘಾಟಿಯಲ್ಲೋ ಒಮ್ಮೆಲೇ ಬಯಲಾಗುತ್ತದೆ. ಏರಿನಲ್ಲಿ ಇಂಜಿನ್ ಹೆಚ್ಚು ಇಂಧನ ಸುಡುತ್ತದೆ. ಹಾಗೆ ಹುಟ್ಟಿದ ಶಾಖದ ಸರಿಸುಮಾರು ಮೂರನೇ ಒಂದು ಪಾಲನ್ನು ಇಂಜಿನ್ ತಣಿಸುವ ದ್ರವವಾದ ಕೂಲೆಂಟ್ ಹೊತ್ತೊಯ್ದು ಹೊರಗೆ ಹಾಕಬೇಕು. ಆದರೆ ವೇಗ ಕಡಿಮೆ ಇರುವುದರಿಂದ ಎದುರಿನಿಂದ ನುಗ್ಗುವ ಗಾಳಿಯ ಸಹಾಯ ಅಷ್ಟಾಗಿ ಸಿಗುವುದಿಲ್ಲ. ಹೀಗೆ ಬಿಸಿಯಾದ ಕಾರನ್ನು ಗ್ಯಾರೇಜಿಗೆ ಕೊಂಡೊಯ್ದು ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋಗುವುದಕ್ಕಿಂತ, ಕಾರು ಯಾವ ಹೊತ್ತಿನಲ್ಲಿ ಬಿಸಿಯಾಗುತ್ತದೆ ಮತ್ತು ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮನೆಯಲ್ಲೇ ಪತ್ತೆ ಮಾಡುವುದು ಖರ್ಚನ್ನೂ ಉಳಿಸುತ್ತದೆ, ಇಂಜಿನ್ನನ್ನೂ ಉಳಿಸುತ್ತದೆ.

ರಸ್ತೆಯಲ್ಲಿ ಮೊದಲು ಮಾಡಬೇಕಾದದ್ದು

ಮುಳ್ಳು ಕೆಂಪು ಗೆರೆಯತ್ತ ಸರಿದರೆ ಅಥವಾ ಕೆಂಪು ದೀಪ ಹೊತ್ತಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ (ಕೂಲೆಂಟಿನ ಶಾಖವನ್ನು ಗಾಳಿಗೆ ಬಿಡುವ ಭಾಗ) ಆದ್ದರಿಂದ ಆ ಕೆಲವು ನಿಮಿಷಗಳ ಸೆಕೆಯನ್ನು ಸಹಿಸಿಕೊಳ್ಳುವುದು ಮೇಲು. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಲೇಬಾರದು. ಮುಚ್ಚಳವು ಒಳಗೆ ಸುಮಾರು 1 ಬಾರ್‌ನಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಆ ಒತ್ತಡದಿಂದಾಗಿಯೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಮರುಕ್ಷಣ ಅಷ್ಟೂ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆ ತಾಗಿದ ಬಳಿಕವೇ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯುವ ಅಭ್ಯಾಸ ನಮ್ಮ ಕಡೆ ಈಗಲೂ ಇದೆ. ಹಾಗೆ ಮಾಡಿದರೆ ಲೋಹ ಒಮ್ಮೆಲೇ ಕುಗ್ಗಿ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು.

ಬಿಸಿಯಾಗುವ ಹೊತ್ತೇ ಸುಳಿವು

ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ಕಾರು ಓಡಲು ಶುರುವಾದ ಮೇಲೆ ಇಳಿಯುವುದಾದರೆ ಅನುಮಾನ ಮೊದಲು ಫ್ಯಾನಿನ ಮೇಲೆ ಹೋಗಬೇಕು. ಪೇಟೆಯಲ್ಲಿ ಸರಿಯಾಗಿದ್ದು ಏರಿನಲ್ಲಿ ಅಥವಾ ಹೆದ್ದಾರಿಯ ವೇಗದಲ್ಲಿ ಬಿಸಿಯಾಗುವುದಾದರೆ ರೇಡಿಯೇಟರ್ ಒಳಗೋ ಹೊರಗೋ ಕಟ್ಟಿಕೊಂಡಿರುವ ಅಥವಾ ಕೂಲೆಂಟಿನ ಹರಿವು ಸಾಲದಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿಯಾದರೆ ಕೂಲೆಂಟ್ ತೀರಾ ಕಡಿಮೆಯಾಗಿರಬೇಕು, ಇಲ್ಲವೇ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಮುಚ್ಚಿಕೊಂಡೇ ಉಳಿದಿರಬೇಕು. ಇನ್ನೊಂದು ಎಚ್ಚರಿಕೆ: ಕೂಲೆಂಟ್ ಸೆನ್ಸರಿಗಿಂತ ಕೆಳಕ್ಕೆ ಇಳಿದಿದ್ದರೆ ಸೆನ್ಸರ್ ಬರಿ ಗಾಳಿಯಲ್ಲಿ ನಿಲ್ಲುವುದರಿಂದ, ಇಂಜಿನ್ ಸುಡುತ್ತಿದ್ದರೂ ಮುಳ್ಳು ನಡುವೆಯೇ ನಿಂತಿರಬಹುದು.

ಸೋರಿಕೆ ಹುಡುಕುವುದು

ರಾತ್ರಿಯಿಡೀ ತಣಿದ ಇಂಜಿನ್ನಿನಲ್ಲಿ, ಸಮತಟ್ಟಾದ ಅಂಗಳದಲ್ಲಿ, ಪ್ಲಾಸ್ಟಿಕ್ ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ನೋಡಬೇಕು. ರೇಡಿಯೇಟರಿಗೇ ಮುಚ್ಚಳವಿರುವ ಕಾರಾದರೆ ಅದನ್ನೂ ತೆರೆದು ನೋಡಬೇಕು, ಏಕೆಂದರೆ ಮುಚ್ಚಳದ ರಬ್ಬರ್ ಕೆಟ್ಟಿದ್ದರೆ ಟ್ಯಾಂಕ್ ತುಂಬಿರುವಾಗಲೇ ರೇಡಿಯೇಟರ್ ಬರಿದಾಗಿರುತ್ತದೆ. ಹಿಂದಿನ ಸಂಜೆ ಹಳೆಯ ರಟ್ಟನ್ನೋ ಪತ್ರಿಕೆಯ ಹಾಳೆಗಳನ್ನೋ ಕಾರಿನಡಿ ಹಾಸಿಟ್ಟರೆ ತೊಟ್ಟಿಕ್ಕಿದ ಜಾಗ ತಾನೇ ತೋರುತ್ತದೆ. ಬಣ್ಣದ ಹುಡಿಯಂತೆ ಒಣಗಿ ಹಿಡಿದ ಕಲೆ ಪೈಪಿನ ಕ್ಲಾಂಪಿನ ಸುತ್ತ ಇದ್ದರೆ ಕ್ಲಾಂಪ್ ಬಿಗಿ ಮಾಡಿದರೆ ಸಾಕಾಗಬಹುದು. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಇಳಿದಿದ್ದರೆ ಪಂಪಿನ ಸೀಲು ಹೋಗಿದೆ ಎಂದೇ ಅರ್ಥ. ಮುಂದಿನ ಸೀಟಿನ ಮ್ಯಾಟ್ ಒದ್ದೆಯಾಗಿ, ಒಳಗೆ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಜಿಗುಟಾದ ಮಂಜು ಕೂರುತ್ತಿದ್ದರೆ ಸೋರಿಕೆ ಹೀಟರಿನದು. ರಬ್ಬರ್ ಪೈಪುಗಳನ್ನು ತಣ್ಣಗಿರುವಾಗ ಉದ್ದಕ್ಕೂ ಹಿಸುಕಿ ನೋಡಬೇಕು. ಮೆತ್ತಗಾಗಿ ಉಬ್ಬಿರುವ ಅಥವಾ ಹಿಸುಕಿದಾಗ ಸೀಳು ಕಾಣುವ ಪೈಪನ್ನು ಟೇಪು ಸುತ್ತಿ ಬಳಸಬಾರದು.

ರೇಡಿಯೇಟರಿನ ಹೊರಮೈ

ಮಲೆನಾಡಿನ ಕಾರುಗಳಲ್ಲಿ ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಹಾರಿ ಕೂರುತ್ತದೆ, ಮೊದಲ ಮಳೆಗೆ ಏಳುವ ರೆಕ್ಕೆ ಬಂದ ಗೆದ್ದಲು ಹುಳುಗಳು ಅದಕ್ಕೆ ಅಂಟುತ್ತವೆ, ಬೇಸಿಗೆಯಲ್ಲಿ ಹುಲ್ಲಿನ ಬೀಜ, ದೂಳು, ತರಗೆಲೆಯ ಚೂರುಗಳು ಸೇರಿ ಎಲ್ಲವೂ ಒಣಗಿ ಗಟ್ಟಿಯಾಗುತ್ತವೆ. ಮುಂದಿನಿಂದ ನೋಡಿದರೆ ಕಾಣುವುದು ಎ.ಸಿ.ಯ ಕಂಡೆನ್ಸರ್ ಮಾತ್ರ. ರೇಡಿಯೇಟರ್ ಅದರ ಹಿಂದಿರುತ್ತದೆ, ಕೆಸರು ಕೂಡಿಕೊಳ್ಳುವುದು ಇವೆರಡರ ನಡುವಿನ ಬೆರಳಗಲದ ಸಂದಿಯಲ್ಲಿ. ಹಾಗಾಗಿ ಎದುರಿನಿಂದ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಕತ್ತಲಾದ ಮೇಲೆ ಇಂಜಿನ್ ಬದಿಯಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿದಾಗ ಬೆಳಕು ಎಲ್ಲೆಡೆ ಚುಕ್ಕೆಚುಕ್ಕೆಯಾಗಿ ತೂರಿ ಬರಬೇಕು; ಕೆಳಗಿನ ಅರ್ಧದಲ್ಲಿ ಕತ್ತಲೆಯ ಪಟ್ಟಿಗಳಿದ್ದರೆ ಗಾಳಿ ಹಾಯುತ್ತಿಲ್ಲ. ತೊಳೆಯುವಾಗ ಮೊದಲು ನೀರು ಚಿಮುಕಿಸಿ ಕೆಸರನ್ನು ನೆನೆಯಲು ಬಿಟ್ಟು, ನಂತರ ಇಂಜಿನ್ ಬದಿಯಿಂದ ಹೊರಮುಖವಾಗಿ ಸಾಧಾರಣ ಪೈಪಿನ ನೀರು ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಒತ್ತಡದ ನೀರನ್ನು ಹತ್ತಿರದಿಂದ ಬಿಟ್ಟರೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನು ಮತ್ತು ಇಲಿ

ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದರೆ ಬಹುತೇಕ ಕಾರುಗಳಲ್ಲಿ ರೇಡಿಯೇಟರಿನ ಫ್ಯಾನ್ ಸ್ವಲ್ಪ ಹೊತ್ತಿನಲ್ಲೇ ತಿರುಗುತ್ತದೆ. ತಿರುಗದಿದ್ದರೆ ಫ್ಯೂಸ್ ನೋಡಿ, ಬಳಿಕ ಅದೇ ನಂಬರಿನ ಬೇರೊಂದು ರಿಲೇಯನ್ನು (ವಿದ್ಯುತ್ತಿನಿಂದಲೇ ನಡೆಯುವ ಪುಟ್ಟ ಸ್ವಿಚ್ಚು), ಉದಾಹರಣೆಗೆ ಹಾರ್ನಿನದನ್ನು, ಅದಲುಬದಲು ಮಾಡಿ ನೋಡಬಹುದು. ಎರಡೂ ಸರಿಯಿದ್ದರೆ ವೈರನ್ನು ಫ್ಯಾನಿನವರೆಗೆ ಬೆರಳಿನಿಂದ ಹಿಂಬಾಲಿಸಬೇಕು. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ವೈರು ಅಪರೂಪವೇನಲ್ಲ. ಬ್ಯಾಟರಿಯ ಮೇಲೆ ಹಿಕ್ಕೆ ಬಿದ್ದಿದ್ದರೆ ವೈರಿನ ಜೊತೆಗೆ ಪೈಪುಗಳನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುವುದರಿಂದ, ಅದರ ಬಳಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡುವುದು ಕಡ್ಡಾಯ.

ಥರ್ಮೋಸ್ಟಾಟ್ ಕಿತ್ತೆಸೆಯಬೇಡಿ

ತಣ್ಣನೆಯ ಇಂಜಿನ್ ಚಾಲೂ ಮಾಡಿದಾಗ ರೇಡಿಯೇಟರಿಗೆ ಹೋಗುವ ಬಿಸಿ ಪೈಪು, ಸಾಮಾನ್ಯವಾಗಿ ಮೇಲಿನದು, ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಬೇಗನೆ ಬಿಸಿಯಾಗಬೇಕು. ಮುಳ್ಳು ಏರುತ್ತಿದ್ದರೂ ಪೈಪು ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಅದನ್ನು ಬಿಚ್ಚಿ, ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ ನೀರಿಗೆ ದಾರದಿಂದ ಇಳಿಬಿಟ್ಟು ಕಾಯಿಸಿದರೆ, ಅದರ ಮೇಲೆ ಅಚ್ಚಾಗಿರುವ ಉಷ್ಣತೆಯಲ್ಲಿ, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ, ಕವಾಟ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಹೊಸದನ್ನು ಹಾಕಬೇಕೇ ಹೊರತು, "ನಮ್ಮ ಕಡೆಗೆ ಇದು ಬೇಡ" ಎಂದು ಕೆಲವು ಮೆಕ್ಯಾನಿಕ್‌ಗಳು ಮಾಡುವಂತೆ ತೆಗೆದೇ ಬಿಡುವುದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಕಾದ ಉಷ್ಣತೆಗೆ ಬರಲು ತಡವಾಗಿ ಇಂಧನ ಹೆಚ್ಚು ಕುಡಿಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಕೂಲೆಂಟ್ ರೇಡಿಯೇಟರನ್ನು ತಪ್ಪಿಸಿ ಬೈಪಾಸ್ ದಾರಿಯಲ್ಲೇ ಸುತ್ತುವುದರಿಂದ ಏರಿನಲ್ಲಿ ಬಿಸಿ ಇನ್ನಷ್ಟು ಹೆಚ್ಚುತ್ತದೆ.

ಮತ್ತೆ ತುಂಬಿಸುವಾಗ

ದಾರಿಯಲ್ಲಿ ಹಳ್ಳದ ನೀರೋ ಬೋರ್‌ವೆಲ್ ನೀರೋ ಹಾಕಿ ಮನೆ ಸೇರಿದ್ದರೆ ತಪ್ಪಿಲ್ಲ. ಆದರೆ ಅದನ್ನು ಹಾಗೇ ಬಿಟ್ಟರೆ ಒಳಗೆ ತುಕ್ಕು ಹಿಡಿದು ಲವಣ ಕಟ್ಟುತ್ತದೆ. ಎಲ್ಲವನ್ನೂ ಬಸಿದು, ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲಾಗಿ ಬೆರೆಸಿ ಹಾಕಬೇಕು. ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು. ಬಣ್ಣ ಒಂದೇ ಎಂಬ ಕಾರಣಕ್ಕೆ ಎರಡು ಬಗೆಯದನ್ನು ಬೆರೆಸುವುದೂ ಸರಿಯಲ್ಲ. ತುಂಬಿದ ಬಳಿಕ ಮುಚ್ಚಳ ತೆರೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಇಂಜಿನ್ ಚಾಲೂ ಮಾಡಿ ಗುಳ್ಳೆಗಳು ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋಗಿ, ಕುದಿಯುವ ಮೊದಲೇ ಮುಚ್ಚಬೇಕು. ಬಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ತೆರೆದಿಡಬೇಡಿ; ಸಿಹಿಯಾಗಿರುವ ಅದನ್ನು ನಾಯಿ, ದನಕರುಗಳು ಕುಡಿಯುತ್ತವೆ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮಾರಕ ವಿಷ.

ಮನೆಯ ಕೆಲಸ ನಿಲ್ಲುವ ಜಾಗ

ಗುಳ್ಳೆಗಳು ನಿಲ್ಲದೇ ಬರುತ್ತಿದ್ದರೆ, ತಣ್ಣನೆಯ ಇಂಜಿನ್ ಚಾಲೂ ಮಾಡಿದ ಕೂಡಲೇ ಪೈಪು ಕಲ್ಲಿನಂತೆ ಗಟ್ಟಿಯಾದರೆ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸಿಲಿಂಡರ್ ಹೆಡ್ಡಿನ ಅಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಬಲವಾಗಿದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಬೆರೆತ ಕಾಫಿ ಬಣ್ಣದ ನೊರೆ ಕಾಣುವುದೂ ಅದರ ಲಕ್ಷಣವೇ. ಆದರೆ ನಮ್ಮ ಮಳೆಗಾಲದ ತೇವದಲ್ಲಿ, ದಿನವೂ ಬರಿ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ, ಆವಿ ತಣಿದು ಅಂಥದೇ ನೊರೆ ಸ್ವಲ್ಪ ಕೂಡಿಕೊಳ್ಳುತ್ತದೆ. ಆದ್ದರಿಂದ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ಅದರ ತುದಿಯ ಆಯಿಲ್ ಕೂಡ ಹಾಗೇ ಇದೆಯೇ ನೋಡದೆ ತೀರ್ಮಾನಕ್ಕೆ ಬರಬಾರದು. ಇದ್ದರೆ ಕಾರನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಹೆಡ್ ಬಿಚ್ಚಿದಾಗ ಅದು ಬಾಗಿದೆಯೇ ಎಂಬುದನ್ನು ನಿಮ್ಮೆದುರೇ ಅಳೆಸಿ ನೋಡಿ, ಆಮೇಲಷ್ಟೇ ಹೊಸ ಗ್ಯಾಸ್ಕೆಟ್ ಹಾಕಲು ಒಪ್ಪಿಗೆ ಕೊಡಿ.