ಕರಾರು ಬರೆದ ಮೇಲೆ ಪೈಪ್ ಕಿತ್ತುಬರಲಿಲ್ಲ

ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಈ ಸಲ ರೊಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಿಸಲು ಕೊಡುವ ನೀರು) ಕೊಟ್ಟು ಮುಗಿಸಿದೆವು. ಪೈಪ್ ಕಿತ್ತುಬರಲಿಲ್ಲ, ಮೋಟಾರ್ ಸುಡಲಿಲ್ಲ. ಮೊದಲು ಕಾಂಟ್ರಾಕ್ಟ್ ಬರೀಬೇಕು ಅಂದಾಗ ತೋಟದ ಲೆಕ್ಕ ನೋಡುವ ರೈಟರ್ ಅದನ್ನು ಕೂಲಿ ಕಾಂಟ್ರಾಕ್ಟ್ ಅಂದುಕೊಂಡಿದ್ದರು. ನಾನು ಹೇಳಿದ್ದು ಪಂಪು, ವಾಲ್ವುಗಳ ಕರಾರು: 'ನನಗೆ ಇಷ್ಟು ಸಿಕ್ಕರೆ ನಾನು ಇಷ್ಟು ಮಾಡುತ್ತೇನೆ' ಅಂತ ಪ್ರತಿ ಭಾಗದ ಪರವಾಗಿ ಬರೆದಿಡೋದು. ಜೊತೆಯವರು, "ಒಂದು ಪಂಪಿಗೆ ಇಷ್ಟೆಲ್ಲ ಯಾಕೆ ಮಾರಾಯ" ಅಂತ ನಕ್ಕಿದ್ದರು.

ಹಿಂದಿನ ವರ್ಷ ಹಾಸನದ ಆಲೂಗಡ್ಡೆ ಹೊಲಕ್ಕೆ ಬರೆದಿದ್ದ ವಾಲ್ವ್ ಕಂಟ್ರೋಲರ್ ಕೋಡನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಿದ್ದೆ. ಹೊಸ ವಾಲ್ವಿಗೆ 'ತೆರೆ' ಅಂದು 10 ಸೆಕೆಂಡ್ ಕಾಯುತ್ತಿತ್ತು, ಆಮೇಲೆ ಅಲ್ಲಿವರೆಗೆ ತೆರೆದಿದ್ದ ಹಳೆಯದನ್ನು ಮುಚ್ಚುತ್ತಿತ್ತು. ಅಲ್ಲಿ ಅಷ್ಟು ಸಾಕಿತ್ತು. ಇಲ್ಲಿ ಗುಡ್ಡದ ಮೇಲಕ್ಕೆ 400 ಮೀಟರ್ ವೈರ್. ಕೆಳಗೆ 24 ವೋಲ್ಟ್ ಕೊಟ್ಟರೆ ಮೇಲೆ 17 ಸಿಕ್ಕರೆ ಪುಣ್ಯ. ಹೊಸ ವಾಲ್ವ್ ಇನ್ನೂ ತೆವಳುತ್ತಿರುವಾಗಲೇ ಹಳೆಯದು ಮುಚ್ಚಿತು. ನೀರಿಗೆ ದಾರಿ ಇಲ್ಲದೆ ಒತ್ತಡ ಏರಿ ಮೇನ್ ಲೈನ್ ಜಾಯಿಂಟ್ ಕಿತ್ತುಬಂತು. ನೀರು ಸಲೀಸಾಗಿ ನುಗ್ಗಿ ಮೋಟಾರ್ ಓವರ್‌ಲೋಡ್ ಆಗಿ ಸುಟ್ಟಿತು. ಎಲ್ಲ ಸೇರಿ 32 ಸಾವಿರದ ಹತ್ತಿರ, ಅರ್ಧ ನನ್ನ ಜೇಬಿಂದ. 1996ರಲ್ಲಿ ಯುರೋಪಿನ ಏರಿಯನ್ 5 ರಾಕೆಟ್ ಹಾರಿ ಸುಮಾರು 40 ಸೆಕೆಂಡಿಗೆ ಚೂರಾದದ್ದೂ ಇಂಥದ್ದೇ ಅಲ್ವಾ? ಹಳೆಯ ಏರಿಯನ್ 4ರ ಕೋಡನ್ನೇ ಹಾಕಿದ್ದರು, ಹೊಸ ರಾಕೆಟ್ಟಿನ ಅಡ್ಡ ವೇಗದ ಅಂಕಿ ಅದರ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ.

ಈ ಸಲ ಪ್ರತಿ ಭಾಗಕ್ಕೂ ಒಂದು ಹಾಳೆ ಕರಾರು. ವಾಲ್ವಿನ ಕರಾರು: 18 ವೋಲ್ಟ್ ಸಿಕ್ಕರೆ 40 ಸೆಕೆಂಡಿನೊಳಗೆ ತೆರೆದು, ಪೂರ್ತಿ ತೆರೆದೆ ಅಂತ ತಿಳಿಸುವ ಲಿಮಿಟ್ ಸ್ವಿಚ್ ಒತ್ತುತ್ತೇನೆ. ಆ 18ಕ್ಕಾಗಿ ದಪ್ಪ ವೈರ್ ಎಳೆಸಿದೆ. ಕಂಟ್ರೋಲರ್: ಸ್ವಿಚ್ ಒತ್ತುವವರೆಗೆ ಹಳೆಯದನ್ನು ಮುಚ್ಚಲ್ಲ. ಇವೆಲ್ಲ ಸೇರಿದರೆ 'ಪಂಪ್ ಓಡುವಾಗ ಒಂದಾದರೂ ವಾಲ್ವ್ ಪೂರ್ತಿ ತೆರೆದಿದೆ' ಅನ್ನೋದು ನಿಲ್ಲುತ್ತಾ ಅಂತ ನ್ಯೂಎಸ್‌ಎಂವಿಗೆ ಕೇಳಿದೆ. ಅದು ನಾವು ಬರೆದುಕೊಟ್ಟ ಮಾಡೆಲ್‌ನಲ್ಲಿ ಆಗಬಹುದಾದ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ತಪ್ಪು ಹುಡುಕುವ ಸಾಫ್ಟ್‌ವೇರ್.

ಇಲ್ಲ ಅಂತು. 9 ಹೆಜ್ಜೆಯಲ್ಲಿ ತೋರಿಸಿಯೂ ಕೊಟ್ಟಿತು. ರಾತ್ರಿ ಕರೆಂಟ್ ಹೋಗಿ ಬಂದಾಗ ಆಟೋ ಸ್ವಿಚ್ ತಾನೇ ಮೋಟಾರ್ ಎಬ್ಬಿಸುತ್ತೆ, ಅದೇ ಹೊತ್ತಿಗೆ ಕಂಟ್ರೋಲರ್ ಎದ್ದು ಎಲ್ಲ ವಾಲ್ವ್ ಮುಚ್ಚುತ್ತೆ. ನಕ್ಕವರಿಗೆ ಆ 9 ಹೆಜ್ಜೆ ತೋರಿಸಿದೆ, ಯಾರೂ ಮಾತಾಡಲಿಲ್ಲ. ಕಂಟ್ರೋಲರ್ ಒಪ್ಪಿದರೆ ಮಾತ್ರ ಮೋಟಾರ್ ಏಳುವಂತೆ ಆಟೋ ಸ್ವಿಚ್ಚನ್ನು ಅದರ ರಿಲೇ ಮೂಲಕ ಹಾಯಿಸಿದ ಮೇಲೆ ನ್ಯೂಎಸ್‌ಎಂವಿ ಒಪ್ಪಿತು. ಸೆಕೆಂಡ್ ಸೆಕೆಂಡ್ ಲೆಕ್ಕ ಹಾಕಿದರೆ ಮಾಡೆಲ್ ಊದಿಕೊಂಡು ಮುಗಿಯೋದೇ ಇಲ್ಲ. ಸಮಯವನ್ನು ನಾನು ಹೇಗೆ ತುಂಡು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹುಮ್ಮಸ್ಸಿನಲ್ಲಿ ಡ್ರೈಯರಿಗೂ ಕರಾರು ಬರೆದೆ: ಹೊರಗಿನ ಗಾಳಿ ಒಣಗಿದ್ದರೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಇಷ್ಟು ಹೊತ್ತಿಗೆ ರೆಡಿ. ಮಾಡೆಲ್ ತಕ್ಷಣ ಪಾಸ್. ಆಮೇಲೆ ಮೂರು ದಿನ ಬಿಡದೆ ಮಳೆ. ಕರಾರಿನ ಪ್ರಕಾರ ನನ್ನದೇನೂ ತಪ್ಪಿಲ್ಲ. ಮುಗ್ಗಲು ವಾಸನೆ ಹಿಡಿದ ಕಾಫಿ ಮುಂದೆ ನಿಂತು ಮಾಲೀಕರಿಗೆ ಅದನ್ನು ಹೇಳಿ ನೋಡಿ!