ಎರಡು ಟ್ಯಾಂಕರ್ ನೀರಿಗೇ ತುಂಬಿಹೋದ ಪಾಂಡ್

ಬೆಂಗಳೂರಿನ ಹೊರಗಡೆಯ ಒಂದು ಲೇಔಟ್‌ಗೆ ಮಳೆನೀರು ಹರಿಯುವ ಬಗೆಯ ಕಂಪ್ಯೂಟರ್ ಮಾಡೆಲ್ ಮಾಡುತ್ತಿದ್ದೆ. ಜೋರು ಮಳೆಯ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ನಿಧಾನಕ್ಕೆ ರಾಜಕಾಲುವೆಗೆ ಬಿಡುವ ಡಿಟೆನ್ಷನ್ ಪಾಂಡ್ ಅದರಲ್ಲಿತ್ತು. ನಮ್ಮ ಕೆರೆಗಳಿಗೆ ಇರುವ ಹಾಗೆ ಇದಕ್ಕೂ ಕೆಳಗೆ ತೂಬು, ಮೇಲೆ ಕೋಡಿ. ಸಾಫ್ಟ್‌ವೇರ್‌ನಲ್ಲಿ ಅವಕ್ಕೆ ಆರಿಫೈಸ್, ವಿಯರ್ ಅಂತ ಹೆಸರು, ಅಷ್ಟೆ. ನಾನು ಬಳಸಿದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಉಚಿತವಾಗಿ ಕೊಡುವ, ಮಳೆನೀರಿನ ಹರಿವು ಲೆಕ್ಕ ಹಾಕುವ ಎಸ್‌ಡಬ್ಲ್ಯುಎಂಎಂ.

ರನ್ ಕೊಟ್ಟೆ. ಎಲ್ಲೂ ತಕರಾರಿಲ್ಲ. ಕಂಟಿನ್ಯುಯಿಟಿ ಎರರ್, ಅಂದರೆ ಒಳಬಂದ ನೀರಿಗೂ ಲೆಕ್ಕಕ್ಕೆ ಸಿಕ್ಕ ನೀರಿಗೂ ಇರುವ ವ್ಯತ್ಯಾಸ, ಶೇಕಡಾ 1ಕ್ಕಿಂತ ಕಮ್ಮಿ. ಆದರೆ ಮಳೆ ಶುರುವಾಗಿ ಕೆಲವೇ ನಿಮಿಷಕ್ಕೆ ಪಾಂಡ್ ತುಂಬಿ, ಕೋಡಿಯೂ ಸಾಲದೆ ಹೊರಗೆ ಚೆಲ್ಲುತ್ತಿತ್ತು.

ಮೊದಲು ಮಳೆಯ ಮೇಲೆ ಅನುಮಾನ ಬಂತು. ಆಮೇಲೆ ಎಷ್ಟು ಸೆಕೆಂಡಿಗೊಮ್ಮೆ ಲೆಕ್ಕ ಹಾಕಬೇಕು ಅನ್ನುವ ಟೈಮ್ ಸ್ಟೆಪ್ ಅನ್ನು 30 ಸೆಕೆಂಡಿನಿಂದ 5ಕ್ಕೆ, 5ರಿಂದ 1ಕ್ಕೆ ಇಳಿಸಿದೆ. ಸುಮ್ನೆ ಅರ್ಧ ದಿನ ಹಾಳು. ಕೊನೆಗೆ ರಿಪೋರ್ಟ್‌ನಲ್ಲಿ ಸ್ಟೋರೇಜ್ ವಾಲ್ಯೂಮ್ ಸಾರಾಂಶ ತೆಗೆದು ನೋಡಿದೆ. ಗರಿಷ್ಠ ಪ್ರಮಾಣ 0.012. ಅಲ್ಲಿನ ಅಳತೆ ಸಾವಿರ ಘನ ಮೀಟರ್‌ಗಳಲ್ಲಿ. ಅಂದರೆ 12 ಘನ ಮೀಟರ್, 12,000 ಲೀಟರ್. ನಮ್ಮ ಬೀದಿಗೆ ಬರುವ ಸಣ್ಣ ಟ್ಯಾಂಕರ್ ಲೆಕ್ಕದಲ್ಲಿ ಎರಡು ಲೋಡ್!

ಕಾಗದ ತೆಗೆದುಕೊಂಡು ಕೈಲೆಕ್ಕ ಹಾಕಿದೆ. ತಳದಲ್ಲಿ ಪಾಂಡ್‌ನ ವಿಸ್ತೀರ್ಣ 2,400 ಚದರ ಮೀಟರ್, 1.5 ಮೀಟರ್ ಆಳಕ್ಕೆ 3,100, 3 ಮೀಟರ್‌ಗೆ 3,900. ಎರಡೆರಡರ ಸರಾಸರಿಗೆ ಆಳದ ಅಂತರ ಗುಣಿಸಿ ಕೂಡಿದರೆ 9,375 ಘನ ಮೀಟರ್. ಎಲ್ಲಿಯ 9,375, ಎಲ್ಲಿಯ 12?

ಯಾವ ಆಳಕ್ಕೆ ಎಷ್ಟು ವಿಸ್ತೀರ್ಣ ಅಂತ ಸಾಫ್ಟ್‌ವೇರ್‌ಗೆ ಹೇಳುವ ಪಟ್ಟಿ, ಸ್ಟೋರೇಜ್ ಕರ್ವ್ ತೆರೆದಾಗ ತಲೆ ಚಚ್ಚಿಕೊಂಡೆ. ಸರ್ವೆ ಶೀಟ್‌ನಿಂದ ಆರ್‌ಎಲ್ (ಸಮುದ್ರ ಮಟ್ಟದಿಂದ ಎತ್ತರ) ಕಾಲಂ ಅನ್ನೇ ಕಾಪಿ ಮಾಡಿ ಅಂಟಿಸಿದ್ದೆ: 896.5, 898.0, 899.5. ಅಲ್ಲಿ ಕೊಡಬೇಕಾದದ್ದು ತಳದಿಂದ ಆಳ: 0, 1.5, 3. ಅಂಕಿಗಳು ಹಿಂದುಮುಂದಾಗಿದ್ದರೆ ಸಾಫ್ಟ್‌ವೇರ್ ಎರರ್ 171 ಅಂತ ಕೂಗಿಕೊಳ್ಳುತ್ತಿತ್ತು. ಇವು ಏರಿಕೆಯ ಕ್ರಮದಲ್ಲೇ ಇದ್ದವಲ್ಲ, ಅದು ಯಾಕೆ ಬಾಯಿ ಬಿಡುತ್ತೆ? ಕರ್ವ್‌ನ ಮೊದಲ ಆಳ ಸೊನ್ನೆ ಅಲ್ಲದಿದ್ದರೆ ಅದು ಸೊನ್ನೆಯಿಂದ ಅಲ್ಲಿವರೆಗೆ ನೇರ ಗೆರೆ ಎಳೆದುಕೊಳ್ಳುತ್ತದೆ. 896.5 ಮೀಟರ್‌ಗೆ 2,400 ಅಂದರೆ 3 ಮೀಟರ್‌ಗೆ ಬರೀ 8 ಚದರ ಮೀಟರ್. ಚಿಕ್ಕ ಅಡುಗೆಮನೆಯಷ್ಟು.

ಕಂಟಿನ್ಯುಯಿಟಿ ನಂಬಿ ಮೋಸಹೋದದ್ದೂ ಇಲ್ಲೇ. ಅದು ನೋಡುವುದು ನೀರಿನ ಜಮಾ-ಖರ್ಚು ತಾಳೆಯಾಯಿತಾ ಅಂತ ಮಾತ್ರ. ಚೆಲ್ಲಿಹೋದ ನೀರೂ ಖರ್ಚಿನ ಲೆಕ್ಕಕ್ಕೆ ಸೇರುತ್ತೆ. ಪಾಂಡ್ ಎಷ್ಟು ದೊಡ್ಡದಿರಬೇಕಿತ್ತು ಅಂತ ಅದಕ್ಕೇನು ಗೊತ್ತು?

ಕರ್ವ್ ಸರಿಮಾಡಿದೆ. ಈಗ ಬೇರೆ ಕಾಟ. ನೀರು ಕೋಡಿಯ ಮಟ್ಟಕ್ಕೆ ಬಂದು ನಿಂತದ್ದು ಮಾರನೇ ದಿನವಾದರೂ ಇಳಿಯಲಿಲ್ಲ. ಕೋಡಿಯ ಎತ್ತರವನ್ನು ತಳದಿಂದ 2.4 ಮೀಟರ್ ಅಂತ ಸರಿಯಾಗಿಯೇ ಕೊಟ್ಟಿದ್ದೆ. ತೂಬಿಗೆ ಮಾತ್ರ ಮತ್ತದೇ 896.5! ತೂಬು, ಕೋಡಿಗಳ ಎತ್ತರವನ್ನು ಎಲ್ಲಿಂದ ಅಳೆಯಬೇಕು ಅಂತ ಹೇಳುವ ಲಿಂಕ್ ಆಫ್‌ಸೆಟ್ ಆಯ್ಕೆ ‘ಡೆಪ್ತ್’ (ತಳದಿಂದ) ಅಂತ ಇದ್ದುದರಿಂದ ನನ್ನ ತೂಬು ತಳದಿಂದ ಸುಮಾರು 900 ಮೀಟರ್ ಮೇಲೆ, ಆಕಾಶದಲ್ಲಿತ್ತು. ಆ ಜಾಗಕ್ಕೆ 0 ಹಾಕಿದೆ.

ಇಷ್ಟಾದ ಮೇಲೂ ಧೈರ್ಯ ಬರಲಿಲ್ಲ. ಫೈಲ್‌ನ ಇನ್ನೊಂದು ಪ್ರತಿ ಮಾಡಿಕೊಂಡು ಮಳೆ, ತೂಬು, ಕೋಡಿ ಎಲ್ಲ ತೆಗೆದುಹಾಕಿದೆ. ಖಾಲಿ ಪಾಂಡ್‌ಗೆ ಸೆಕೆಂಡಿಗೆ 1 ಘನ ಮೀಟರ್ ನೀರು ಬಿಟ್ಟೆ. 9,375 ಸೆಕೆಂಡಿಗೆ ತುಂಬಬೇಕು, ಅಂದರೆ 2 ಗಂಟೆ 36 ನಿಮಿಷ. ಗ್ರಾಫ್‌ನಲ್ಲಿ ಗೆರೆ 3 ಮೀಟರ್ ಮುಟ್ಟಿದ್ದು ಸರಿಯಾಗಿ ಅಲ್ಲೇ. ಆಮೇಲೆ ಕಾಫಿಗೆ ಎದ್ದೆ.